ಮುಚ್ಚಳದ ಇದ್ದಿಲು ಗ್ರಿಲ್ ಮತ್ತು ಹುಣಸೆ-ಬೆಲ್ಲದ ಪಾಕ: ಧಾರವಾಡದ ಮಾಳಿಗೆಯ ಮೇಲೆ ಒಂದು ವರ್ಷದ ಬಳಕೆ

ಹಂದಿಯ ಪಕ್ಕೆಲುಬಿನ ಪಟ್ಟಿಯನ್ನು ಕೆಂಡದ ಶಾಖದಲ್ಲಿ ಬೇಯಿಸಿ, ಹುಳಿ-ಸಿಹಿ ಪಾಕ ಸವರಿ, ಹೊಳಪು ಬರುವವರೆಗೆ ಕಾಯಿಸುವ ಅಡುಗೆಯಲ್ಲಿ ಒಂದು ದೊಡ್ಡ ತೊಡಕಿದೆ. ಎಲುಬಿನ ಸುತ್ತಲಿನ ಮಾಂಸ ಮೆತ್ತಗಾಗಲು ನಾಲ್ಕು ಗಂಟೆ ಹಿಡಿಯುತ್ತದೆ. ಅದರ ಮೇಲೆ ಸವರಿದ ಬೆಲ್ಲದ ಪಾಕ ಕರಕಲಾಗಲು ನಾಲ್ಕು ನಿಮಿಷ ಸಾಕು. ಒಂದೇ ಬೆಂಕಿಯಲ್ಲಿ ಈ ಎರಡನ್ನೂ ಸಂಭಾಳಿಸಬೇಕಾದರೆ ಬೆಂಕಿಯ ಮೇಲೆ ಹಿಡಿತ ಬೇಕು. ಆ ಹಿಡಿತ ನಮ್ಮ ಮನೆಯ ಹಳೆಯ ಶೆಗಡಿಯಲ್ಲಿ ನನಗೆ ಎಂದೂ ಸಿಗಲಿಲ್ಲ. ಕಳೆದ ವರ್ಷದ ಜನವರಿಯಲ್ಲಿ, ಮುಚ್ಚಳವಿರುವ 57 ಸೆಂಟಿಮೀಟರ್ ವ್ಯಾಸದ ಇದ್ದಿಲು ಗ್ರಿಲ್ ಒಂದನ್ನು ಸಾಗಣೆಯ ಖರ್ಚೂ ಸೇರಿ 14,500 ರೂಪಾಯಿ ಕೊಟ್ಟು ತರಿಸಿಕೊಂಡೆ. ಧಾರವಾಡದ ಸಪ್ತಾಪುರದಲ್ಲಿ ನಾವು ಬಾಡಿಗೆಗಿರುವ ಮನೆಯ ಮಾಳಿಗೆಯ ಮೇಲೆ ಅದು ಒಂದು ಬೇಸಿಗೆ, ಒಂದು ಮಳೆಗಾಲ ಮತ್ತು ಒಂದು ಚಳಿಗಾಲವನ್ನು ಕಳೆದಿದೆ. ಈ ಅವಧಿಯಲ್ಲಿ ಅದರಲ್ಲಿ ಇಪ್ಪತ್ತೆರಡು ಪಟ್ಟಿ ಪಕ್ಕೆಲುಬು ಬೆಂದಿವೆ. ಅದು ಈ ಒಂದು ಅಡುಗೆಗೆ ಎಷ್ಟರ ಮಟ್ಟಿಗೆ ಒದಗಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಇದೇ ಆಕಾರದ, ಇದೇ ಅಳತೆಯ ಗ್ರಿಲ್‌ಗಳನ್ನು ಹಲವರು ಮಾರುತ್ತಾರೆ ಮತ್ತು ನನ್ನ ಮಾತುಗಳಲ್ಲಿ ಹೆಚ್ಚಿನವು ಆ ಆಕಾರಕ್ಕೇ ಸಂಬಂಧಿಸಿದವು.

ಶೆಗಡಿಯ ಮೇಲೆ ಆಗುತ್ತಿದ್ದುದನ್ನು ಮೊದಲು ಹೇಳಬೇಕು. ತೆರೆದ ಕೆಂಡದ ಮೇಲೆ ಜಾಲರಿ ಇಟ್ಟು ಪಟ್ಟಿಯನ್ನು ಹರವಿದರೆ ಹತ್ತು ನಿಮಿಷದಲ್ಲಿ ಕೊಬ್ಬು ಕರಗಿ ಕೆಂಡಕ್ಕೆ ತೊಟ್ಟಿಕ್ಕುತ್ತದೆ, ಜ್ವಾಲೆ ಎದ್ದು ಮಾಂಸದ ಅಂಚನ್ನು ನೆಕ್ಕುತ್ತದೆ. ಮೇಲ್ಮೈ ಕಪ್ಪಾಗುವ ಹೊತ್ತಿಗೆ ಎಲುಬಿನ ಬುಡದಲ್ಲಿ ಇನ್ನೂ ಗುಲಾಬಿ ಬಣ್ಣದ ನೀರು ಒಸರುತ್ತಿರುತ್ತದೆ. ಅದನ್ನು ತಪ್ಪಿಸಲು ಮೊದಲೇ ಕುಕ್ಕರಿನಲ್ಲಿ ಬೇಯಿಸಿ, ನಂತರ ಕೆಂಡದ ಮೇಲೆ ಪಾಕ ಸವರಿ ಸುಟ್ಟು ನೋಡಿದ್ದೇನೆ. ಮಾಂಸ ಮೆತ್ತಗಾಗುತ್ತದೆ, ಆದರೆ ಅದರ ಸಾರವೆಲ್ಲ ಕುಕ್ಕರಿನ ನೀರಿಗೆ ಇಳಿದಿರುತ್ತದೆ, ಹೊಗೆಯ ವಾಸನೆ ಹಿಡಿಯಲು ಸಮಯವೇ ಇರುವುದಿಲ್ಲ. ಮೂರು ವರ್ಷ ಹೀಗೆಯೇ ಮಾಡಿ ಬೇಸತ್ತ ಮೇಲೆ ಮುಚ್ಚಳದ ಗ್ರಿಲ್ಲಿಗೆ ಹಣ ಕೂಡಿಟ್ಟೆ.

ಈ ಆಕಾರ ಬಂದ ಕಥೆಯೂ ಅದರ ಗುಣವನ್ನು ತಿಳಿಸುತ್ತದೆ. 1952ರಲ್ಲಿ ಅಮೆರಿಕದ ಷಿಕಾಗೋದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್ ಎಂಬಾತ, ಅಲ್ಲಿ ತಯಾರಾಗುತ್ತಿದ್ದ ನೀರಿನ ಮೇಲೆ ತೇಲಿಬಿಡುವ ಲೋಹದ ಗುಂಡನ್ನು ಅಡ್ಡಲಾಗಿ ಕತ್ತರಿಸಿ, ಕೆಳಗಿನ ಅರ್ಧವನ್ನು ಒಲೆಯಾಗಿಯೂ ಮೇಲಿನ ಅರ್ಧವನ್ನು ಮುಚ್ಚಳವಾಗಿಯೂ ಮಾಡಿಕೊಂಡ. ತೆರೆದ ಒಲೆಯ ಮೇಲೆ ಗಾಳಿ ಬೂದಿಯನ್ನು ಹಾರಿಸುವುದು, ಜ್ವಾಲೆ ಏಳುವುದು, ಮಳೆ ಬಂದರೆ ಅಡುಗೆ ಕೆಡುವುದು ಅವನ ತೊಂದರೆಗಳಾಗಿದ್ದವು, ನಮ್ಮವೂ ಅವೇ. ನನ್ನ ಗ್ರಿಲ್ಲಿನ ಎರಡೂ ಬಟ್ಟಲುಗಳು ಉಕ್ಕಿನ ತಗಡಿನವು, ಒಳಗೂ ಹೊರಗೂ ಎನಾಮೆಲ್ ಹಚ್ಚಿದವು. ಕೆಳಗಿನ ಬಟ್ಟಲಿನ ತಳದಲ್ಲಿ ಮೂರು ಗಾಳಿಕಿಂಡಿಗಳಿವೆ, ಮುಚ್ಚಳದ ನೆತ್ತಿಯ ಹತ್ತಿರ ಒಂದು. ಗಾಳಿ ಕೆಳಗಿನಿಂದ ಒಳಗೆ ಬಂದು, ಕೆಂಡವನ್ನು ದಾಟಿ, ಮಾಂಸದ ಮೇಲೆ ಹಾಯ್ದು ಮೇಲಿನ ಕಿಂಡಿಯಿಂದ ಹೊರಗೆ ಹೋಗುತ್ತದೆ. ಎಷ್ಟು ಗಾಳಿಯೋ ಅಷ್ಟು ಬೆಂಕಿ. ಕಿಂಡಿಯ ಹಿಡಿಯನ್ನು ಬೆರಳಿನಷ್ಟು ಸರಿಸಿದರೂ ಕಾಲು ಗಂಟೆಯಲ್ಲಿ ಒಳಗಿನ ಶಾಖ ಬದಲಾಗುತ್ತದೆ.

ಪಕ್ಕೆಲುಬಿಗೆ ಕೆಂಡವನ್ನು ಬಟ್ಟಲಿನ ಒಂದು ಬದಿಗೆ ಮಾತ್ರ ಒಟ್ಟಿ, ಇನ್ನೊಂದು ಬದಿಯಲ್ಲಿ ನೀರು ತುಂಬಿದ ಒಂದು ತಟ್ಟೆಯಿಟ್ಟು, ಆ ತಟ್ಟೆಯ ಮೇಲಿನ ಜಾಲರಿಯಲ್ಲಿ ಪಟ್ಟಿಯನ್ನು ಇಡುತ್ತೇನೆ. ಕೊಬ್ಬು ಕೆಂಡಕ್ಕೆ ಬೀಳುವುದಿಲ್ಲ, ನೀರಿಗೆ ಬೀಳುತ್ತದೆ. ಆದ್ದರಿಂದ ಜ್ವಾಲೆ ಏಳುವ ಪ್ರಶ್ನೆಯೇ ಇಲ್ಲ. ಕೆಳಗಿನ ಕಿಂಡಿಯನ್ನು ಕಾಲು ಭಾಗ, ಮೇಲಿನದನ್ನು ಅರ್ಧ ತೆರೆದಿಟ್ಟರೆ ನನ್ನ ಗ್ರಿಲ್ಲು ಜಾಲರಿಯ ಮಟ್ಟದಲ್ಲಿ 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂವರೆ ಗಂಟೆ ನಿಲ್ಲುತ್ತದೆ. ನಂತರ ಏಳೆಂಟು ಇದ್ದಿಲ ತುಂಡು ಸೇರಿಸಿದರೆ ಉಳಿದ ಹೊತ್ತಿಗೂ ಸಾಲುತ್ತದೆ. ಈ ಸ್ಥಿರತೆಯೇ ಈ ಸಾಧನದ ಬೆಲೆ. ಅಡುಗೆ ಮುಗಿದ ಮೇಲೆ ಎಲ್ಲ ಕಿಂಡಿಗಳನ್ನೂ ಮುಚ್ಚಿದರೆ ಅರ್ಧ ಗಂಟೆಯಲ್ಲಿ ಕೆಂಡ ಆರಿ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಸಿಗುತ್ತದೆ. ಶೆಗಡಿಯಲ್ಲಿ ಅದು ಬೂದಿಯಾಗುವವರೆಗೆ ಉರಿದೇ ಹೋಗುತ್ತಿತ್ತು.

ಆದರೆ ಮಳೆಗಾಲದ ಗಾಳಿ ಈ ಲೆಕ್ಕವನ್ನು ಕೆಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಮಾಳಿಗೆಗಳ ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ಎಷ್ಟು ಜೋರೆಂಬುದು ಇಲ್ಲಿ ಬಟ್ಟೆ ಒಣಹಾಕಿದವರಿಗೆಲ್ಲ ಗೊತ್ತು. ತಳದ ಕಿಂಡಿಗೆ ಆ ಗಾಳಿ ನೇರವಾಗಿ ನುಗ್ಗಿದರೆ ಶಾಖ 120ರಿಂದ 170ಕ್ಕೆ ಏರಿ, ಒಂದೂವರೆ ಕಿಲೋ ಇದ್ದಿಲಿನಲ್ಲಿ ಮುಗಿಯಬೇಕಾದ ಅಡುಗೆಗೆ ಎರಡು ಕಿಲೋ ದಾಟುತ್ತದೆ. ಗ್ರಿಲ್ಲನ್ನು ಪಶ್ಚಿಮದ ಗೋಡೆಗೆ ಒತ್ತಿ ನಿಲ್ಲಿಸಿ, ಗಾಳಿಯ ಕಡೆಗೆ ಒಂದು ತಗಡನ್ನು ಆನಿಸಿದ ಮೇಲೆ ಇದು ಹತೋಟಿಗೆ ಬಂತು. ಮುಚ್ಚಳದ ಮೇಲೆ ತುಂತುರು ಮಳೆ ಬಿದ್ದರೆ ಏನೂ ಆಗುವುದಿಲ್ಲ; ಆಗಸ್ಟ್ ತಿಂಗಳಲ್ಲಿ ಒಂದು ಭಾನುವಾರ ನಾನು ಛತ್ರಿ ಹಿಡಿದು ನಿಂತಿದ್ದೆ, ಒಳಗೆ ಪಟ್ಟಿ ತನ್ನ ಪಾಡಿಗೆ ಬೇಯುತ್ತಿತ್ತು.

ಈಗ ದೂರು. ಮುಚ್ಚಳಕ್ಕೆ ಜೋಡಿಸಿದ ಉಷ್ಣಮಾಪಕ ಮೊದಲ ದಿನದಿಂದಲೇ ತಪ್ಪು ತೋರಿಸುತ್ತಿತ್ತು, ಮತ್ತು ಅದು ನನಗೆ ತಿಳಿಯುವ ಹೊತ್ತಿಗೆ ನಾಲ್ಕು ಪಟ್ಟಿಗಳು ಹಾಳಾಗಿದ್ದವು. ಮುಳ್ಳು 120ರಲ್ಲಿ ನಿಂತಿದ್ದರೂ ನಾಲ್ಕು ಗಂಟೆಯ ನಂತರ ಮಾಂಸ ಎಲುಬನ್ನು ಬಿಡುತ್ತಿರಲಿಲ್ಲ, ರಬ್ಬರಿನಂತೆ ಜಗಿಯಬೇಕಾಗುತ್ತಿತ್ತು. ಕೊನೆಗೆ ಉಷ್ಣಮಾಪಕವನ್ನು ಕಳಚಿ ಕುದಿಯುವ ನೀರಿನಲ್ಲಿ ಅದ್ದಿ ನೋಡಿದೆ. ಧಾರವಾಡ ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97-98 ಡಿಗ್ರಿಯಲ್ಲಿ ಕುದಿಯಬೇಕು. ಮುಳ್ಳು 125ನ್ನು ತೋರಿಸಿತು. ಅಂದರೆ ಅಷ್ಟು ದಿನ ನಾನು 120 ಎಂದುಕೊಂಡದ್ದು ನಿಜದಲ್ಲಿ ತೊಂಬತ್ತರ ಆಸುಪಾಸಿನ ಶಾಖ. ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿದಾಗ ವೀಡಿಯೊ ಕೇಳಿದರು, ಕಳುಹಿಸಿದೆ. ಮತ್ತೆ ಕೇಳಿದರು, ಮತ್ತೆ ಕಳುಹಿಸಿದೆ. ಒಂದೂವರೆ ತಿಂಗಳ ನಂತರ ಹೊಸ ಉಷ್ಣಮಾಪಕ ಬಂತು. ಅದು ಅದೇ ನೀರಿನಲ್ಲಿ 101 ತೋರಿಸುತ್ತದೆ, ಅಷ್ಟು ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ. ಇಂಥ ಗ್ರಿಲ್ ಕೊಳ್ಳುವವರು ಮೊದಲ ದಿನವೇ ಈ ಪರೀಕ್ಷೆ ಮಾಡಿಕೊಳ್ಳಬೇಕು, ಮತ್ತು ಮಾಂಸಕ್ಕೆ ಚುಚ್ಚಿ ನೋಡುವ ಪ್ರತ್ಯೇಕ ಡಿಜಿಟಲ್ ಉಷ್ಣಮಾಪಕವೊಂದನ್ನು ಜೊತೆಗೇ ಕೊಳ್ಳಬೇಕು. ಎಂಟುನೂರು ರೂಪಾಯಿಯ ಆ ಸಣ್ಣ ವಸ್ತು ನನಗೆ ಮುಚ್ಚಳದ ಮುಳ್ಳಿಗಿಂತ ಹೆಚ್ಚು ನೆರವಾಗಿದೆ.

ಮಾಂಸದ ವಿಷಯದಲ್ಲಿ ನಮ್ಮ ಅವಳಿ ನಗರದಲ್ಲಿ ಆಯ್ಕೆ ಕಡಿಮೆ. ಇಲ್ಲಿ ಹಂದಿ ಮಾಂಸ ಸಾಮಾನ್ಯವಾಗಿ ಸಾರಿಗೆ ಅಥವಾ ಹುರಿಯಲು ಬೇಕಾದ ಹಾಗೆ, ಚರ್ಮ ಸಹಿತ, ಸಣ್ಣ ತುಂಡುಗಳಾಗಿ ಸಿಗುತ್ತದೆ. ಇಡೀ ಪಟ್ಟಿ ಬೇಕೆಂದರೆ ಎರಡು ದಿನ ಮೊದಲೇ ಹೇಳಿಡಬೇಕು. ಹುಬ್ಬಳ್ಳಿಯಲ್ಲಿ ನಾನು ಕೊಳ್ಳುವ ಅಂಗಡಿಯವರು ಮೊದಲ ಸಲ, "ಹಿಂಗ ಇಡೀ ಪಟ್ಟಿ ಯಾರೂ ಕೇಳಂಗಿಲ್ರಿ ಸರ, ಕಡದ ಕೊಟ್ರ ನಿಮಗ ಅಡಗಿ ಮಾಡಾಕ ಹಗರ ಆಕ್ಕೈತಿ" ಎಂದು ಕತ್ತಿಯನ್ನು ಎತ್ತಿಯೇ ಬಿಟ್ಟಿದ್ದರು. ಈಗ ಅವರೇ ಫೋನು ಮಾಡಿ ಪಟ್ಟಿ ಬಂದಿದೆಯೆಂದು ತಿಳಿಸುತ್ತಾರೆ. ಬೆನ್ನಿನ ಕಡೆಯ ಪಕ್ಕೆಲುಬು ಗಿಡ್ಡ, ಬಾಗಿದ ಮತ್ತು ಬೇಗ ಬೇಯುವ ಜಾತಿಯದು. ಹೊಟ್ಟೆಯ ಕಡೆಯದು ಅಗಲ, ಚಪ್ಪಟೆ, ಕೊಬ್ಬು ಮತ್ತು ನಾರು ಹೆಚ್ಚಿರುವಂಥದು. ನನ್ನ ಮಟ್ಟಿಗೆ ಹೊಟ್ಟೆಯ ಕಡೆಯದೇ ಮೇಲು, ಏಕೆಂದರೆ ಹುಳಿ ಪಾಕಕ್ಕೆ ಎದುರಾಗಿ ನಿಲ್ಲುವ ಕೊಬ್ಬು ಅದರಲ್ಲಿದೆ. ಶೈತ್ಯೀಕರಿಸಿದ ಪೊಟ್ಟಣವಾದರೆ ಒಂದು ರಾತ್ರಿ ಪೂರ್ತಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಕರಗಿಸಿ ಒರೆಸಿಕೊಳ್ಳಬೇಕು; ನೀರು ಉಳಿದರೆ ಮೇಲ್ಮೈಗೆ ಬಣ್ಣ ಬರುವುದಿಲ್ಲ.

ಪಟ್ಟಿಯ ಎಲುಬಿನ ಕಡೆಗೆ ತೆಳ್ಳನೆಯ, ಹೊಳೆಯುವ ಒಂದು ಪೊರೆ ಅಂಟಿಕೊಂಡಿರುತ್ತದೆ. ಚಮಚದ ಹಿಡಿಯನ್ನು ಒಂದು ತುದಿಯಲ್ಲಿ ಪೊರೆಯ ಕೆಳಗೆ ತೂರಿಸಿ ಎಬ್ಬಿಸಿ, ಒಣ ಬಟ್ಟೆಯಿಂದ ಗಟ್ಟಿಯಾಗಿ ಹಿಡಿದು ಎಳೆದರೆ ಅದು ಇಡಿಯಾಗಿ ಕಿತ್ತು ಬರುತ್ತದೆ. ಇದನ್ನು ತೆಗೆಯದಿದ್ದರೆ ಉಪ್ಪಾಗಲಿ ಹೊಗೆಯಾಗಲಿ ಆ ಕಡೆಯಿಂದ ಒಳಗೆ ಹೋಗುವುದಿಲ್ಲ, ತಿನ್ನುವಾಗ ಕಾಗದದಂತೆ ಹಲ್ಲಿಗೆ ಸಿಗುತ್ತದೆ. ನಂತರ ಕಿಲೋಗೆ 12 ಗ್ರಾಂ ಉಪ್ಪು, ಮೆಣಸಿನ ಪುಡಿ, ಜೀರಿಗೆ, ಕಾಳುಮೆಣಸು ಸವರಿ ರಾತ್ರಿ ಪೂರ್ತಿ ಬಿಡುತ್ತೇನೆ. ಈ ಹಂತದಲ್ಲಿ ಸಕ್ಕರೆ ಅಥವಾ ಬೆಲ್ಲ ಬೇಡವೇ ಬೇಡ.

ಇದ್ದಿಲಿನ ಬಗ್ಗೆ ಸಂಕ್ಷಿಪ್ತವಾಗಿ ಹೇಳುವುದಾದರೆ, ಗ್ರಿಲ್ಲಿನ ಜೊತೆ ಬಂದ ಅಚ್ಚಿನ ಇದ್ದಿಲು ಸಮವಾಗಿ ಉರಿಯಿತು, ಆದರೆ ದುಬಾರಿ. ಚೀಲದಲ್ಲಿ ಸಿಗುವ ಜಾಲಿಯ ಇದ್ದಿಲನ್ನು ಜರಡಿ ಹಿಡಿದು, ಪುಡಿಯನ್ನೂ ಅರೆಬೆಂದ ಕಟ್ಟಿಗೆಯ ತುಂಡುಗಳನ್ನೂ ಬೇರೆ ಮಾಡಿ ಬಳಸಿದರೆ ಅದೇ ಕೆಲಸ ಅರ್ಧ ಖರ್ಚಿನಲ್ಲಾಗುತ್ತದೆ. ಹೊಗೆಗೆ ನಾನು ಬಳಸುವುದು ಪೇರಲದ ಕಟ್ಟಿಗೆ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಇರುವ ನವಲೂರು ಪೇರಲಕ್ಕೆ ಹೆಸರಾದ ಊರು. ಅಲ್ಲಿನ ತೋಟವೊಂದರಲ್ಲಿ ಸವರಿ ಹಾಕಿದ ಕೊಂಬೆಗಳನ್ನು ಕೇಳಿ ತಂದು, ಎರಡು ತಿಂಗಳು ನೆರಳಿನಲ್ಲಿ ಒಣಗಿಸಿ, ಗೇಣುದ್ದಕ್ಕೆ ಕಡಿದಿಟ್ಟುಕೊಂಡಿದ್ದೇನೆ. ಮೊದಲ ಎರಡು ಗಂಟೆಯಲ್ಲಿ ಮೂರು ತುಂಡು ಸಾಕು. ಅದರ ಹೊಗೆ ತಿಳಿಯಾಗಿ, ಸ್ವಲ್ಪ ಸಿಹಿ ವಾಸನೆಯಿಂದ ಕೂಡಿರುತ್ತದೆ. ಮಾವಿನ ಕಟ್ಟಿಗೆಯೂ ಒಳ್ಳೆಯದೇ. ಬೇವು ಕಹಿ ಬಿಡುತ್ತದೆ, ಅದನ್ನು ಮುಟ್ಟಬಾರದು. ಬಣ್ಣ ಹಚ್ಚಿದ ಹಳೆಯ ಕಟ್ಟಿಗೆ ಮತ್ತು ಪ್ಲೈವುಡ್ ಅಪಾಯಕಾರಿ.

ಬೇಯುವ ಕ್ರಮದಲ್ಲಿ ತಾಳ್ಮೆಯನ್ನು ಪರೀಕ್ಷಿಸುವ ಒಂದು ಘಟ್ಟವಿದೆ. ಮಾಂಸದ ಒಳಗಿನ ಶಾಖ ಎರಡು ಗಂಟೆಯಲ್ಲಿ 65ರಿಂದ 70 ಡಿಗ್ರಿಗೆ ಏರಿ, ಆಮೇಲೆ ಒಂದು ಗಂಟೆಗೂ ಹೆಚ್ಚು ಕಾಲ ಅಲ್ಲಿಯೇ ನಿಂತುಬಿಡುತ್ತದೆ. ಮೊದಲ ಸಲ ನಾನು ಬೆಂಕಿ ಆರಿತೆಂದು ತಿಳಿದು ಇದ್ದಿಲು ಸುರಿದೆ. ನಿಜವಾಗಿ ಆಗುತ್ತಿರುವುದೇನೆಂದರೆ, ಮಾಂಸದ ಮೇಲ್ಮೈಯಿಂದ ನೀರು ಆವಿಯಾಗುತ್ತಾ ಅದನ್ನು ತಣಿಸುತ್ತಿರುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಇದೇ ಕಾರಣಕ್ಕೆ. ಈ ಹೊತ್ತಿನಲ್ಲಿ ಪಟ್ಟಿಯನ್ನು ಬಾಳೆಎಲೆಯಲ್ಲಿ ಸುತ್ತಿ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಬಿಗಿದು ಮತ್ತೆ ಇಟ್ಟರೆ ಆವಿ ಒಳಗೇ ಉಳಿದು ಶಾಖ ಮುಂದಕ್ಕೆ ಏರುತ್ತದೆ. ಮಾಂಸದ ನಾರುಗಳನ್ನು ಬಿಗಿದಿಟ್ಟಿರುವ ಕೊಲಾಜೆನ್ ಎಂಬ ಅಂಶ 70 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಕರಗಿ ಅಂಟಾಗುತ್ತದೆ, 90ರಿಂದ 95ರ ನಡುವೆ ಪಟ್ಟಿ ನಿಜವಾಗಿ ಮೆತ್ತಗಾಗುತ್ತದೆ. ಹಂದಿಯ ಇಡಿ ತುಂಡುಗಳಿಗೆ 63 ಡಿಗ್ರಿ ಮುಟ್ಟಿ ಮೂರು ನಿಮಿಷ ವಿರಮಿಸಿದರೆ ಸಾಕೆಂದು ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಹೇಳಿತು. ಆದರೆ ಅದು ಸುರಕ್ಷತೆಯ ಗಡಿ, ಪಕ್ಕೆಲುಬಿನ ಹದ ಅದಕ್ಕಿಂತ ಬಹಳ ಮುಂದಿದೆ. ಲಾಡಿಹುಳುವಿನ ಭಯದಿಂದ ಹಂದಿ ಮಾಂಸವನ್ನು ಚೆನ್ನಾಗಿ ಬೇಯಿಸಬೇಕೆಂಬ ನಮ್ಮ ಹಿರಿಯರ ಎಚ್ಚರಿಕೆ ಸರಿಯಾದದ್ದೇ, ಮತ್ತು ಈ ಕ್ರಮದಲ್ಲಿ ಅದು ತಾನಾಗಿಯೇ ಪಾಲನೆಯಾಗುತ್ತದೆ. ಹದ ನೋಡಲು ಪಟ್ಟಿಯ ಒಂದು ತುದಿಯನ್ನು ಇಕ್ಕಳದಿಂದ ಹಿಡಿದು ಎತ್ತಬೇಕು: ಅದು ತನ್ನ ಭಾರಕ್ಕೆ ಬಾಗಿ ಮೇಲ್ಮೈ ಬಿರುಕು ಬಿಟ್ಟರೆ, ಎಲುಬಿನ ತುದಿಗಳು ಅರ್ಧ ಸೆಂಟಿಮೀಟರ್‌ಗೂ ಹೆಚ್ಚು ಹೊರಗೆ ಕಂಡರೆ, ಪಾಕ ಸವರುವ ಸಮಯ ಬಂದಿದೆ ಎಂದರ್ಥ.

ಪಾಕದ ಮಾತಿಗೆ ಬಂದರೆ, ಇದಕ್ಕಾಗಿ ನಾನು ಬಾಟಲಿಯ ಬಾರ್ಬೆಕ್ಯೂ ಸಾಸುಗಳನ್ನೂ ತಂದು ನೋಡಿದ್ದೇನೆ. ಟೊಮೆಟೊ, ಸಕ್ಕರೆ ಮತ್ತು ಹೊಗೆಯ ಸುವಾಸನೆ ಸೇರಿದ ಆ ಸಾಸುಗಳು ಸಿಹಿಯಲ್ಲೇ ಮುಗಿದುಹೋಗುತ್ತವೆ, ಹೊಟ್ಟೆಯ ಕಡೆಯ ಪಕ್ಕೆಲುಬಿನ ಕೊಬ್ಬನ್ನು ಕತ್ತರಿಸುವಷ್ಟು ಹುಳಿ ಅವುಗಳಲ್ಲಿಲ್ಲ. ಹಂದಿಗೆ ಹುಳಿ ಬೇಕೆಂಬುದನ್ನು ನಮ್ಮ ನೆರೆಹೊರೆಯ ಅಡುಗೆಗಳೇ ಹೇಳುತ್ತವೆ. ನಾನು ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಯಲ್ಲಿದ್ದ ಗೋವಾ ಮೂಲದ ಆಂಟಿ ಕ್ರಿಸ್‌ಮಸ್ಸಿಗೆ ಕಳುಹಿಸುತ್ತಿದ್ದ ವಿಂದಾಲುವಿನಲ್ಲಿ ವಿನೆಗರ್ ಮತ್ತು ಬೆಳ್ಳುಳ್ಳಿಯ ಹುಳಿ-ಖಾರ ಮುಂದಾಗಿರುತ್ತಿತ್ತು. ಕೊಡಗಿನ ಪಂದಿ ಕರಿಯಲ್ಲಿ ಆ ಕೆಲಸವನ್ನು ಕಾಚಂಪುಳಿ ಮಾಡುತ್ತದೆ. ನಮ್ಮ ಕಡೆ ಹುಳಿ ಎಂದರೆ ಹುಣಸೆ, ಮತ್ತು ಹುಣಸೆಯ ಜೊತೆ ಬೆಲ್ಲ ಸೇರಿದಾಗ ಆಗುವ ರುಚಿ ಚಿಗಳಿ ತಿಂದು ಬೆಳೆದ ಯಾರಿಗೂ ಹೊಸದಲ್ಲ. ಹುಣಸೆ ಹಣ್ಣು, ಬೆಲ್ಲ, ಜೀರಿಗೆ, ಉಪ್ಪು, ಮೆಣಸಿನ ಪುಡಿ ಹಾಕಿ ಕಲ್ಲಿನಲ್ಲಿ ಕುಟ್ಟಿ, ಉಂಡೆ ಕಟ್ಟಿ, ಕಡ್ಡಿಗೆ ಚುಚ್ಚಿ ಇಡೀ ಮಧ್ಯಾಹ್ನ ಚೀಪುತ್ತಿದ್ದೆವಲ್ಲ, ಅದನ್ನೇ ತೆಳ್ಳಗೆ ಮಾಡಿ ಪಟ್ಟಿಗೆ ಸವರಿದರೆ ಹೇಗೆ ಎಂಬ ಯೋಚನೆ ಏಳನೆಯ ಪಟ್ಟಿಯ ಹೊತ್ತಿಗೆ ಬಂತು. ಆಮೇಲೆ ನಾನು ಬೇರೆ ಪಾಕಕ್ಕೆ ಮನಸ್ಸು ಕೊಟ್ಟಿಲ್ಲ.

ಒಂದೂವರೆ ಕಿಲೋ ತೂಕದ ಪಟ್ಟಿಗೆ 180 ಗ್ರಾಂ ಬೆಲ್ಲ, 50 ಗ್ರಾಂ ಬೀಜ ತೆಗೆದ ಹುಣಸೆ ಹಣ್ಣು, ಆರು ಬ್ಯಾಡಗಿ ಮೆಣಸಿನಕಾಯಿ, ಐದು ಎಸಳು ಬೆಳ್ಳುಳ್ಳಿ, ಒಂದು ಚಮಚ ಹುರಿದ ಜೀರಿಗೆ ಮತ್ತು ರುಚಿಗೆ ಉಪ್ಪು. ಮೆಣಸಿನಕಾಯಿ ಮತ್ತು ಹುಣಸೆಯನ್ನು ಬಿಸಿನೀರಿನಲ್ಲಿ ನೆನೆಸಿ, ಬೆಳ್ಳುಳ್ಳಿ-ಜೀರಿಗೆಯ ಜೊತೆ ನುಣ್ಣಗೆ ರುಬ್ಬಿ, ಸೋಸಿ, ಬೆಲ್ಲ ಸೇರಿಸಿ ದಪ್ಪ ತಳದ ಪಾತ್ರೆಯಲ್ಲಿ ಕುದಿಸುತ್ತೇನೆ. ಬೆಲ್ಲ ಕಂದು ಬಣ್ಣದ್ದಿರಲಿ. ಹೊಳೆಯುವ ಹಳದಿ ಬೆಲ್ಲಕ್ಕೆ ಸಿಹಿಯ ಹೊರತು ಬೇರೆ ರುಚಿಯಿಲ್ಲ. ಉಂಡಿಗೆ ತೆಗೆಯುವ ಎಳೆಪಾಕದವರೆಗೆ ಇದನ್ನು ಒಯ್ಯಬಾರದು, ಒಯ್ದರೆ ಮಾಂಸದ ಮೇಲೆ ಆರಿದ ಕೂಡಲೇ ಗಾಜಿನಂತೆ ಗಟ್ಟಿಯಾಗುತ್ತದೆ. ಚಮಚದ ಬೆನ್ನಿಗೆ ಅಂಟಿದ ಪಾಕದ ಮೇಲೆ ಬೆರಳಿನಿಂದ ಗೆರೆ ಎಳೆದಾಗ ಗೆರೆ ಕೂಡಿಕೊಳ್ಳದೆ ನಿಂತರೆ ಸಾಕು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಕುದಿಯುವಾಗ ಬೆಲ್ಲದ ಸಕ್ಕರೆಯ ಒಂದು ಭಾಗವನ್ನು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಆದ್ದರಿಂದ ಪಾಕ ಹರಳುಗಟ್ಟದೆ ಹೊಳಪು ಉಳಿಸಿಕೊಳ್ಳುತ್ತದೆ. ಜಾಮೂನಿನ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದೂ ಇದಕ್ಕೇ.

ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಈ ಪಾಕಕ್ಕೆ ಹೇಳಿ ಮಾಡಿಸಿದಂತಿದೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಗಳಲ್ಲಿ ನಾನು ಸುಕ್ಕುಗಟ್ಟಿದ, ದಪ್ಪ ಡಬ್ಬಿಯನ್ನೇ ಆರಿಸುತ್ತೇನೆ. ಆರು ಕಾಯಿ ಹಾಕಿದರೂ ಮಕ್ಕಳು ತಿನ್ನುವಷ್ಟು ಸೌಮ್ಯವಾಗಿರುತ್ತದೆ, ಬಣ್ಣ ಮಾತ್ರ ಕುಂಕುಮದ ಹಾಗೆ ಬರುತ್ತದೆ. ಆ ಬಣ್ಣ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಬಿಡುತ್ತದೆ ಎಂಬುದನ್ನು ಒಗ್ಗರಣೆ ಹಾಕುವ ಯಾರೂ ಬಲ್ಲರು. ಅದಕ್ಕಾಗಿ ಬಾಳೆಎಲೆಯೊಳಗೆ ಇಳಿದಿರುವ ಕೊಬ್ಬು ಮತ್ತು ರಸದಿಂದ ಎರಡು ಚಮಚ ತೆಗೆದು ಪಾಕಕ್ಕೆ ಬೆರೆಸುತ್ತೇನೆ. ಚಳಿಗಾಲದಲ್ಲಿ ನವಲೂರಿನ ಹಣ್ಣಾದ ಪೇರಲ ಸಿಕ್ಕಾಗ, ಬೇಯಿಸಿ ಸೋಸಿದ ಅದರ ತಿರುಳನ್ನು ಅರ್ಧ ಬಟ್ಟಲು ಸೇರಿಸಿದ್ದುಂಟು. ಪೇರಲದಲ್ಲಿ ಪೆಕ್ಟಿನ್ ಬೇಕಾದಷ್ಟಿರುವುದರಿಂದ ಪಾಕ ಜಾರದೆ ಮಾಂಸಕ್ಕೆ ಕಚ್ಚಿಕೊಳ್ಳುತ್ತದೆ, ಮತ್ತು ಕಟ್ಟಿಗೆಯ ಹೊಗೆಗೂ ಹಣ್ಣಿನ ವಾಸನೆಗೂ ಒಂದು ಹೊಂದಾಣಿಕೆ ಕೂಡಿ ಬರುತ್ತದೆ. ಇಪ್ಪತ್ತೆರಡರಲ್ಲಿ ಅತ್ಯುತ್ತಮವಾದ ಪಟ್ಟಿ ಅದೇ. ಕೋಕಂ ಹಾಕಿದಾಗ ರುಚಿ ಚೆನ್ನಾಗಿತ್ತು, ಆದರೆ ಬಣ್ಣ ನೇರಳೆಗೆ ತಿರುಗಿ ಮಬ್ಬಾಯಿತು. ವಿನೆಗರ್ ಹಾಕುವುದಾದರೆ ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು, ಕುದಿಸಿದರೆ ಅದರ ಹುಳಿ ಆವಿಯಾಗಿ ಹೋಗುತ್ತದೆ.

ಗ್ರಿಲ್ಲಿನ ನಿಜವಾದ ಪರೀಕ್ಷೆ ಪಾಕ ಸವರುವ ಕೊನೆಯ ಅರ್ಧ ಗಂಟೆಯಲ್ಲಿದೆ. ಸಾಮಾನ್ಯ ಸಕ್ಕರೆ ಕಂದಾಗಲು 160 ಡಿಗ್ರಿ ದಾಟಬೇಕು, ಆದರೆ ಹುಳಿಯಿಂದ ಒಡೆದು ಹುಟ್ಟಿದ ಫ್ರಕ್ಟೋಸ್ 110ರ ಆಸುಪಾಸಿನಲ್ಲೇ ಬಣ್ಣ ತಿರುಗಲು ಶುರು ಮಾಡುತ್ತದೆ. ಹೊಳಪು ಕೊಡುವ ಹುಳಿಯೇ ಪಾಕವನ್ನು ಸುಡುವುದಕ್ಕೂ ಹತ್ತಿರ ತರುತ್ತದೆ. ಆದ್ದರಿಂದ ಹಾಳೆ ಬಿಚ್ಚಿದ ಪಟ್ಟಿಯನ್ನು ಮತ್ತೆ ನೀರಿನ ತಟ್ಟೆಯ ಮೇಲ್ಗಡೆಗೇ ಇಟ್ಟು, ಕಿಂಡಿಗಳನ್ನು ಸ್ವಲ್ಪ ತೆರೆದು ಶಾಖವನ್ನು 130ರಿಂದ 140ಕ್ಕೆ ತಂದು, ಮೊದಲ ಪದರ ತೆಳ್ಳಗೆ ಸವರಿ ಮುಚ್ಚಳ ಹಾಕುತ್ತೇನೆ. ಹತ್ತು ನಿಮಿಷದ ನಂತರ ತೆರೆದಾಗ ಒದ್ದೆ ಹೊಳಪು ಹೋಗಿ, ಬೆರಳು ಮುಟ್ಟಿಸಿದರೆ ಅಂಟುವ ಹದಕ್ಕೆ ಬಂದಿರುತ್ತದೆ. ಆಗ ಎರಡನೆಯ ಪದರ, ಮತ್ತೆ ಹತ್ತು ನಿಮಿಷ, ಮೂರನೆಯದು. ಮೂರನೆಯ ಪದರದ ಹೊತ್ತಿಗೆ ಪಾಕ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳಾಗಿ ಕುದಿದು, ಪಟ್ಟಿಯ ಮೇಲೆ ಹೊಸದಾಗಿ ವಾರ್ನಿಷ್ ಹಚ್ಚಿದ ಬಾಗಿಲಿನ ಕೆಂಪು ಕಾಣುತ್ತದೆ. ಮುಚ್ಚಳದ ಒಳಮೈಯಿಂದ ತಿರುಗಿ ಬರುವ ಶಾಖವೇ ಇದನ್ನು ಮಾಡುವುದರಿಂದ ಪಟ್ಟಿಯನ್ನು ಮಗುಚುವ ಅಗತ್ಯವಿಲ್ಲ. ತೆರೆದ ಶೆಗಡಿಯಲ್ಲಿ ಪದರದ ಮೇಲೆ ಪದರ ಕಟ್ಟುವುದು ನನಗೆ ಒಮ್ಮೆಯೂ ಸಾಧ್ಯವಾಗಿರಲಿಲ್ಲ; ಇಲ್ಲಿ ಐದನೆಯ ಪಟ್ಟಿಯಿಂದ ಇಂದಿನವರೆಗೆ ಒಂದೇ ಸಲ ಕರಕಲಾಗಿದೆ, ಅದೂ ನಾನು ಕೆಳಗೆ ಹೋಗಿ ಇಪ್ಪತ್ತು ನಿಮಿಷ ಮಾತಿಗೆ ನಿಂತದ್ದರಿಂದ.

ಉಳಿದ ಕುಂದುಗಳನ್ನು ಹೇಳಿಬಿಡುತ್ತೇನೆ. ಎನಾಮೆಲ್ ಹಚ್ಚಿದ ಬಟ್ಟಲುಗಳು ಒಂದು ಮಳೆಗಾಲವನ್ನು ಚೆನ್ನಾಗಿ ತಡೆದಿವೆ, ಆದರೆ ಕೆಳಗಿನ ಬೂದಿತಟ್ಟೆ ಬರಿಯ ತಗಡಿನದು, ಆಗಸ್ಟ್ ಮುಗಿಯುವುದರೊಳಗೆ ತುಕ್ಕು ಹಿಡಿಯಿತು. ಒದ್ದೆ ಬೂದಿಯನ್ನು ಬಿಟ್ಟರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ, ಆದ್ದರಿಂದ ಮರುದಿನ ಬೆಳಿಗ್ಗೆಯೇ ಖಾಲಿ ಮಾಡಬೇಕು. ಜಾಲರಿಯ ಮೇಲಿನ ಕ್ರೋಮ್ ಲೇಪ ಎಂಟನೆಯ ತಿಂಗಳಿಗೆ ಏಳಲಾರಂಭಿಸಿತು. ಅಂಟಿದ ಬೆಲ್ಲವನ್ನು ಉಜ್ಜಿ ತೆಗೆಯಬೇಕಾದ ಅಡುಗೆಯಲ್ಲಿ ಇದು ಸಣ್ಣ ವಿಷಯವಲ್ಲ. ಕಾಲುಗಳ ತಿರುಪುಗಳನ್ನು ಎರಡು ತಿಂಗಳಿಗೊಮ್ಮೆ ಬಿಗಿಯಬೇಕು. ಮಳೆಗೆ ಹೊದಿಸುವ ಕವಚವನ್ನು ಪೆಟ್ಟಿಗೆಯಲ್ಲಿ ಕೊಟ್ಟಿಲ್ಲ. ಬಳಕೆಯ ಕೈಪಿಡಿ ಕನ್ನಡದಲ್ಲಿಲ್ಲ, ಮತ್ತು ಇರುವುದರಲ್ಲಿಯೂ ಕಿಂಡಿಗಳನ್ನು ಎಷ್ಟು ತೆರೆಯಬೇಕೆಂಬ ಮುಖ್ಯ ವಿಷಯಕ್ಕೆ ಎರಡೇ ಸಾಲು.

ಹೊಗೆಯ ವಿಚಾರವನ್ನು ಮಾಳಿಗೆಯಲ್ಲಿ ಅಡುಗೆ ಮಾಡುವವರು ಮೊದಲೇ ಯೋಚಿಸಬೇಕು. ನಮ್ಮ ಓಣಿಯಲ್ಲಿ ಮಾಂಸ ತಿನ್ನದ ಮನೆಗಳೇ ಹೆಚ್ಚು, ಮನೆಯ ಮಾಲೀಕರಾದ ಕೆಳಗಿನ ಕಾಕಾ ಅವರೂ ತಿನ್ನುವವರಲ್ಲ. ಗ್ರಿಲ್ ಬಂದ ದಿನವೇ ಅವರಿಗೆ ಹೇಳಿ ಕೇಳಿದೆ. "ಹೊಗಿ ನಮ್ಮ ಕಡೆ ಬರದಂಗ ನೋಡ್ಕೋರಿ, ಹಬ್ಬ-ಹುಣ್ಣವಿ ದಿನ ಬ್ಯಾಡ, ಉಳಿದದ್ದಕ್ಕ ನಮ್ಮದೇನೂ ತಕರಾರಿಲ್ಲ" ಎಂದರು. ಮುಚ್ಚಳವಿದ್ದುದರಿಂದ ಮತ್ತು ಕೊಬ್ಬು ಕೆಂಡಕ್ಕೆ ಬೀಳದಿರುವುದರಿಂದ, ಇದ್ದಿಲು ಹೊತ್ತಿಸುವ ಮೊದಲ ಇಪ್ಪತ್ತು ನಿಮಿಷ ಬಿಟ್ಟರೆ ಹೊಗೆ ಬಹಳ ಕಡಿಮೆ. ಅವರ ಮಾತನ್ನು ಪಾಲಿಸಲು ಈ ಗ್ರಿಲ್ ನೆರವಾಯಿತು ಎಂಬುದನ್ನು ನಾನು ಅದರ ಗುಣಗಳಲ್ಲಿ ಸೇರಿಸುತ್ತೇನೆ.

ಪನೀರ್, ಕೋಳಿ ಟಿಕ್ಕಾ, ಗೋವಿನಜೋಳದ ತೆನೆ ಇಷ್ಟನ್ನೇ ಸುಡುವವರು ಇದಕ್ಕೆ ಹದಿನಾಲ್ಕು ಸಾವಿರ ಹಾಕುವುದು ಬೇಡ, ಶೆಗಡಿಯೇ ಸಾಕು. ಮನೆಯಲ್ಲಿ ಒವನ್ ಇರುವವರು 130 ಡಿಗ್ರಿಯಲ್ಲಿ ಇದೇ ಕ್ರಮವನ್ನು ಅನುಸರಿಸಬಹುದು, ಪಾಕ ಚೆನ್ನಾಗಿಯೇ ಕೂರುತ್ತದೆ, ಹೊಗೆಯೊಂದು ಇರುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಹಳೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ, ಕೀಲು ಹಾಕಿಸಿ 5,500 ರೂಪಾಯಿಯಲ್ಲಿ ಮಾಡಿಸಿಕೊಂಡಿದ್ದಾರೆ. ನಾಲ್ಕು ಪಟ್ಟಿ ಒಟ್ಟಿಗೆ ಹಿಡಿಯುತ್ತದೆ, ಆದರೆ ಮುಚ್ಚಳದ ಸಂದಿನಲ್ಲಿ ಗಾಳಿ ನುಗ್ಗುವುದರಿಂದ ಶಾಖ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ಕೊನೆಯ ಅರ್ಧ ಗಂಟೆ ಅವರು ಅದರ ಪಕ್ಕವೇ ನಿಂತಿರಬೇಕಾಗುತ್ತದೆ. ಪಕ್ಕೆಲುಬನ್ನು ತಿಂಗಳಿಗೊಮ್ಮೆಯಾದರೂ ಮಾಡುವ, ನಾಲ್ಕೈದು ಜನರ ಮನೆಗೆ ನಾನು ಈ ಮುಚ್ಚಳದ ಗ್ರಿಲ್ಲನ್ನೇ ಹೇಳುತ್ತೇನೆ.

ಜಾಲರಿಯನ್ನು ಮಾತ್ರ ಬದಲಾಯಿಸಿದ್ದೇನೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತುವಿನಲ್ಲಿ ಒಬ್ಬ ವೆಲ್ಡರ್ ಹಳೆಯದರ ಅಳತೆ ಹಿಡಿದು, 304 ದರ್ಜೆಯ ಸ್ಟೇನ್‌ಲೆಸ್ ಸರಳುಗಳಿಂದ ಹೊಸದನ್ನು 1,400 ರೂಪಾಯಿಗೆ ಮಾಡಿಕೊಟ್ಟರು. ಇದ್ದಿಲು ಸೇರಿಸಲು ಅನುಕೂಲವಾಗುವಂತೆ ಒಂದು ಬದಿಯನ್ನು ಕೀಲಿನ ಮೇಲೆ ಎತ್ತುವ ಹಾಗೆ ಮಾಡಿದ್ದು ಅವರದೇ ಸಲಹೆ. ಕಳೆದ ನಾಲ್ಕು ಪಟ್ಟಿಗಳು ಅದರ ಮೇಲೆಯೇ ಬೆಂದಿವೆ. ಬಿಸಿಯಿರುವಾಗಲೇ ಒದ್ದೆ ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಒಮ್ಮೆ ಎಳೆದರೆ ಅಂಟಿದ ಬೆಲ್ಲವೆಲ್ಲ ಬಿಟ್ಟುಕೊಂಡು ಬರುತ್ತದೆ.